ಹೇಗಜ್ಜಿ ಬರೆಯದ ಸಾಲು

"ನನ್ನದೇನೂ ತಪ್ಪಿಲ್ಲ ಅಂತ ಸಾಬೀತು ಮಾಡಿಕೊಡಿ ಅಂತ ಕೇಳೋಕೆ ಬಂದಿಲ್ಲ," ಎಂದರು ಆ ಹಿರಿಯರು, ಕುರ್ಚಿಯ ತುದಿಯಲ್ಲಿ ಕುಳಿತು. "ತಪ್ಪು ನನ್ನದೇ ಆಗಿದ್ರೆ ನನ್ನದೇ ಅಂತ ಹೇಳಿ. ನನ್ನ ತಲೆ ನೆಟ್ಟಗಿದೆಯೋ, ಕೈಕೊಟ್ಟಿದೆಯೋ, ಅದೊಂದು ಗೊತ್ತಾಗಬೇಕು."

ಭಾವ ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟರು. ನಾನು ರೇಡಿಯೋದ ದನಿ ತಗ್ಗಿಸಿದೆ. ನಮ್ಮ ಮನೆಯಲ್ಲಿ ಇವೆರಡೂ ಒಟ್ಟಿಗೆ ನಡೆಯುವುದು ಅಪರೂಪ.

ನನ್ನ ಅಕ್ಕ ತೀರಿಕೊಂಡ ಮೇಲೆ ನಾನೂ ಅವಳ ಗಂಡನೂ ಒಂದೇ ಮನೆಯಲ್ಲಿ ಇದ್ದುಬಿಟ್ಟೆವು. ಭಾವ ಪೊಲೀಸ್ ತನಿಖಾ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ನಾನು ರೇಡಿಯೋದಲ್ಲಿ ವಾರ್ತೆ, ಹವಾಮಾನ ಓದುತ್ತಿದ್ದವನು. ಊರಿನವರ ಕಷ್ಟಗಳು ಆಗಾಗ ನಮ್ಮ ಬಾಗಿಲು ತಟ್ಟುತ್ತವೆ. ಭಾವ ಯೋಚಿಸುತ್ತಾರೆ, ನಾನು ಚಹಾ ಮಾಡುತ್ತೇನೆ. ಆಮೇಲೆ ಹೀಗೆ ಬರೆದಿಡುತ್ತೇನೆ.

ಬಂದವರನ್ನು ಪರಿಚಯಿಸುವ ಅಗತ್ಯವೇ ಇರಲಿಲ್ಲ. ಓದು ಬರುವ ಮಕ್ಕಳಿರುವ ಮನೆಗಳಲ್ಲೆಲ್ಲ ಅವರ ಒಂದಾದರೂ ಪುಸ್ತಕ ಇರುತ್ತಿತ್ತು. 'ಸೇತುವೆ ಹೇಗೆ ನಿಲ್ಲುತ್ತದೆ?', 'ಗಡಿಯಾರ ಹೇಗೆ ನಡೆಯುತ್ತದೆ?', 'ಜೇನುನೊಣ ದಾರಿ ಹೇಗೆ ಹೇಳುತ್ತದೆ?' ಹೀಗೆ ನೂರಾರು. ಅದಕ್ಕೇ ಮಕ್ಕಳೆಲ್ಲ ಅವರಿಗೆ ಹೇಗಜ್ಜಿ ಎಂದು ಹೆಸರಿಟ್ಟಿದ್ದರು. ಅಷ್ಟು ಸಾಲದೆಂಬಂತೆ ಮಕ್ಕಳ ರಂಗಮಂದಿರಕ್ಕೆ ನಲವತ್ತಕ್ಕೂ ಹೆಚ್ಚು ನಾಟಕಗಳನ್ನು ಬರೆದುಕೊಟ್ಟಿದ್ದರು. ಜೊತೆಗೆ ಬಂದಿದ್ದ ಸೊಸೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಡುವಯಸ್ಸಿನ ಹೆಂಗಸು, ಬಾಗಿಲ ಹತ್ತಿರವೇ ನಿಂತಿದ್ದಳು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

ನಡೆದದ್ದು ಇಷ್ಟು. ಅಡುಗೆಮನೆಯಲ್ಲೇ ಮಾಡಿ ನೋಡಬಹುದಾದ ಪ್ರಯೋಗಗಳ ಹಳೆಯ ಪುಸ್ತಕವೊಂದಕ್ಕೆ ಹೇಗಜ್ಜಿ ಹೊಸ ಅಧ್ಯಾಯ ಸೇರಿಸಿದ್ದರು. ಸೋಡಾಪುಡಿಗೆ ವಿನೆಗರ್ ಬಿದ್ದಾಗ ಏಳುವ ಗುಳ್ಳೆಗಳ ಬಗ್ಗೆ. ಹೊಸ ಆವೃತ್ತಿ ಅಂಗಡಿಗೆ ಬಂತು. ಅದನ್ನು ಓದಿ ಮೂರನೇ ತರಗತಿಯ ಹುಡುಗಿಯೊಬ್ಬಳು ಗಾಜಿನ ಶೀಶೆಯಲ್ಲಿ ಹೇಳಿದಂತೆಯೇ ಎರಡನ್ನೂ ಬೆರೆಸಿ, ಹೇಳಿದಂತೆಯೇ ಬಿರಡೆ ಒತ್ತಿ ಮುಚ್ಚಿದಳು. ಶೀಶೆ ಒಡೆದು ಚೂರುಗಳು ಮುಖಕ್ಕೆ ಹಾರಿದವು. ಒಂದು ಕಣ್ಣಿಗೆ ಇನ್ನೂ ಪಟ್ಟಿ ಕಟ್ಟಿದ್ದಾರೆ. ದೃಷ್ಟಿ ಉಳಿಯುತ್ತದೋ ಇಲ್ಲವೋ ವೈದ್ಯರೇ ಹೇಳುತ್ತಿಲ್ಲ.

"ಪ್ರಕಾಶಕರು ಪತ್ರಿಕೆಗೆ ಪ್ರಕಟಣೆ ಕೊಡ್ತಾರಂತೆ," ಎಂದಳು ಸೊಸೆ. "ಲೇಖಕಿಗೆ ವಯಸ್ಸಾಯ್ತು, ಮರೆವಿನಿಂದ ತಪ್ಪಾಗಿದೆ, ಇನ್ನು ಮುಂದೆ ಅವರ ಯಾವ ಪುಸ್ತಕವನ್ನೂ ಅಚ್ಚು ಮಾಡೋದಿಲ್ಲ ಅಂತ."

"ನೀವು ಆ ಸಾಲು ಬರೆದಿರಾ?" ಭಾವ ನೇರವಾಗಿ ಕೇಳಿದರು.

ಹೇಗಜ್ಜಿ ಶಾಯಿ ಹತ್ತಿದ ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಬರೆದ ನೆನಪಿಲ್ಲ. ಶೀಶೆಗೆ ಬಿರಡೆ ಹಾಕು ಅಂತ ನಾನು ಯಾವ ಮಗುವಿಗೂ ಹೇಳೋಳಲ್ಲ. ಆದರೆ..." ಅವರ ದನಿ ಸಣ್ಣದಾಯಿತು. "'ಬಿರಡೆ ಒತ್ತಿ ಮುಚ್ಚಿಬಿಡಿ.' ಆ ಸಾಲು ಓದಿದಾಗ ಬೇರೆಯವರದು ಅನ್ನಿಸಲಿಲ್ಲ. ನನ್ನದೇ ಮಾತು ಅನ್ನಿಸ್ತು. ನನ್ನದೇ ದನಿ ಕಿವಿಯಲ್ಲಿ ಕೇಳಿಸ್ತು. ಪುಸ್ತಕ ಅಲ್ಲೇ ಮುಚ್ಚಿಬಿಟ್ಟೆ. ಆಮೇಲೆ ತೆರೆಯೋ ಧೈರ್ಯ ಬರಲಿಲ್ಲ."

ನಾನು ಗಂಟಲು ಸರಿಮಾಡಿಕೊಂಡು ನನ್ನ ಬುದ್ಧಿವಂತಿಕೆ ಮುಂದಿಟ್ಟೆ. "ಅಚ್ಚಿನ ದೋಷ ಇರಬಹುದಲ್ವಾ? 'ಮುಚ್ಚಬೇಡಿ' ಅಂತ ಇದ್ದದ್ದು 'ಮುಚ್ಚಿಬಿಡಿ' ಆಗಿರಬಹುದು. ಒಂದೆರಡು ಗುಣಿತ ಆಚೀಚೆ ಆದ್ರೆ ಸಾಕು."

"ಚಿತ್ರ ನೋಡಿದೆಯಾ?" ಭಾವ ಸೊಸೆ ತಂದಿದ್ದ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. ಪುಟದ ಪಕ್ಕದಲ್ಲಿ ಒಬ್ಬ ಹುಡುಗ ಶೀಶೆಯ ಬಾಯಿಗೆ ಬಿರಡೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತುತ್ತಿದ್ದ. "ಚಿತ್ರಕ್ಕೂ ಗುಣಿತ ತಪ್ಪಿತೇ? ಚಿತ್ರ ಬರೆಯೋ ಹೊತ್ತಿಗೇ ಆ ಮಾತು ಹಾಗಿತ್ತು."

ನನ್ನ ಬುದ್ಧಿವಂತಿಕೆ ಬಾಲ ಮುದುರಿಕೊಂಡು ಮೂಲೆ ಸೇರಿತು.

ಮಧ್ಯಾಹ್ನ ನಾವು ಹೇಗಜ್ಜಿಯ ಮನೆಗೆ ಹೋದೆವು. ಅವರ ಕೆಲಸದ ಕೋಣೆ ಒಂದು ಸಣ್ಣ ಕಾರ್ಖಾನೆಯಂತಿತ್ತು. ಬಿಚ್ಚಿಟ್ಟ ಗಡಿಯಾರ, ಬೆಂಕಿಕಡ್ಡಿಗಳ ಸೇತುವೆ, ಹತ್ತಿಯ ಮೇಲೆ ಮೊಳೆತ ಕಾಳು, ದಾರಕ್ಕೆ ತೂಗುಬಿಟ್ಟ ಚಮಚಗಳು. ತಾವೇ ಮಾಡಿ ನೋಡದ ಒಂದೇ ಒಂದು ಪ್ರಯೋಗವನ್ನೂ ಅವರು ಬರೆದವರಲ್ಲ. ಪ್ರವಾಹದ ಬಗ್ಗೆ ಬರೆಯುವಾಗ ಸ್ನಾನದ ಮನೆಯ ತೊಟ್ಟಿ ತುಂಬಿ ಹರಿದು ಕೆಳಮನೆಯವರ ಜೊತೆ ಜಗಳವಾಗಿತ್ತಂತೆ. "ಆ ಜಗಳವನ್ನೂ ಪುಸ್ತಕದಲ್ಲಿ ಸೇರಿಸಿದೆ," ಎಂದರು. "ನೀರು ತಗ್ಗಿನ ಕಡೆ ಹರಿಯುತ್ತೆ, ಬೈಗುಳ ಮೇಲಕ್ಕೂ ಹರಿಯುತ್ತೆ ಅಂತ."

ಅವರು ಇಂದಿಗೂ ಶಾಯಿಪೆನ್ನಿನಲ್ಲೇ ಬರೆಯುತ್ತಿದ್ದರು. ನಕಲು ಇಟ್ಟುಕೊಳ್ಳುವ ಅಭ್ಯಾಸವಿರಲಿಲ್ಲ. "ನೀರು ಬಿದ್ರೆ ಎಲ್ಲ ಕಲಸಿಹೋಗುತ್ತೆ ಅಂತ ಸೊಸೆ ಬೈತಾಳೆ. ಆದ್ರೆ ಬೇರೆ ಪೆನ್ನು ಹಿಡಿದರೆ ನನಗೆ ಯೋಚನೇನೇ ಬರೋದಿಲ್ಲ."

ಗೋಡೆಯ ತುಂಬ ನಾಟಕಗಳ ಫೋಟೋಗಳು. ಭಾವ ಒಂದರ ಮುಂದೆ ನಿಂತರು. ಕಾಗದದ ಕಿರೀಟ ಹಾಕಿಕೊಂಡ ತೆಳ್ಳನೆಯ ಹುಡುಗನೊಬ್ಬ ಎದೆ ಸೆಟೆಸಿ ಒಂದು ಕೈಯನ್ನು ಮೇಲೆತ್ತಿ ನಿಂತಿದ್ದ.

"ಅದು 'ಅವಸರದ ರಾಜ'," ಎಂದರು ಹೇಗಜ್ಜಿ. ಮುಖದಲ್ಲಿ ಮೊದಲ ಬಾರಿ ನಗು ಕಂಡಿತು. "ಆ ರಾಜ ಎಲ್ಲವನ್ನೂ ತಲೆಕೆಳಗೇ ಮಾಡ್ತಾನೆ. ಗಿಡಕ್ಕೆ ಬೇರು ಮೇಲೆ ಮಾಡಿ ನೆಡ್ತಾನೆ. ಮಂಜುಗಡ್ಡೇನ ಬಿಸಿಲಲ್ಲಿಟ್ಟು ಕಾವಲು ಹಾಕ್ತಾನೆ. ಮಂತ್ರಿಗಳೆಲ್ಲ ತಲೆಯಾಡಿಸ್ತಾರೆ. ಅವನನ್ನ ತಿದ್ದೋರು ಯಾರು ಅಂದ್ರೆ ಕೆಳಗೆ ಕೂತು ನೋಡ್ತಿರೋ ಮಕ್ಕಳು! ತಿದ್ದೋ ಮಾತನ್ನ ನಾಟಕದಲ್ಲಿ ನಾನು ಬರೆದೇ ಇಲ್ಲ. ಬರೀಬೇಕಾಗಿಯೂ ಇರಲಿಲ್ಲ. ಮಕ್ಕಳು ತಾವಾಗೇ ಕಿರುಚಿ ರಂಗಮಂದಿರದ ಸೂರು ಹಾರಿಸ್ತಿದ್ರು."

"ಈ ನಾಟಕ ಅಚ್ಚಾಗಿದೆಯಾ?"

"ಇಲ್ಲ. ನಾಟಕ ಓದೋಕಲ್ಲ, ಆಡೋಕೆ ಅಂತ ಯಾವುದನ್ನೂ ಅಚ್ಚು ಹಾಕಿಸಲಿಲ್ಲ. ಅದನ್ನ ಆಡಿದ್ದೂ ಒಂದೇ ವರ್ಷ. ಆಮೇಲೆ ರಂಗಮಂದಿರವೇ ಮುಚ್ಚಿಹೋಯ್ತು."

ಭಾವ ಅಡುಗೆಮನೆಗೆ ಹೋಗಿ ಸೊಸೆಯನ್ನು ಮಾತಾಡಿಸಿದರು. ಹಾಳೆಗಳನ್ನು ಪ್ರಕಾಶನದ ಕಚೇರಿಗೆ ತಲುಪಿಸಿದವಳು ಅವಳೇ. ಅನುಮಾನದ ಗಾಳಿ ತನ್ನ ಕಡೆಗೂ ಬೀಸುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು.

"ಬೇಸರ ಇಲ್ಲ ಅಂತ ಸುಳ್ಳು ಹೇಳಲ್ಲ," ಎಂದಳು. "ಮದುವೆಯಾಗಿ ದೂರದೂರಿನಿಂದ ಈ ಮನೆಗೆ ಬಂದಾಗಿನಿಂದ ನನ್ನ ಒಂದು ಪಾತ್ರೆಯೂ ನನ್ನ ಕೈಗೆ ಸಿಗಲ್ಲ. ಸಾಕು ನಿಲ್ಲಿಸಿ ಅತ್ತೆ ಅಂತ ಎಷ್ಟೋ ಸಲ ಅಂದಿದ್ದೀನಿ. ಆದರೆ ಈ ಪ್ರಯೋಗ ಅವರು ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಬಿರಡೆ ಎಲ್ಲಿಂದ ಬಂತು? ಅವರು ಶೀಶೆಯ ಬಾಯಿಗೆ ಸಿಕ್ಕಿಸಿದ್ದು ಬಲೂನು. ಬಲೂನು ತಂದುಕೊಟ್ಟವಳು ನಾನು. ಅದು ತಾನಾಗೇ ಉಬ್ಬಿ ನಿಂತಾಗ ಅತ್ತೆ ಹಾಳೆಯ ಅಂಚಿನಲ್ಲಿ ಅದರ ಚಿತ್ರ ಬರೆದು ಕಣ್ಣು ಮೂಗು ಇಟ್ಟರು. ನಿನ್ನ ಹಾಗೇ ಮುಖ ಊದಿಸ್ಕೊಂಡಿದೆ ನೋಡು ಅಂದ್ರು. ಸಿಟ್ಟು ಬಂದಿದ್ರೂ ನಕ್ಕುಬಿಟ್ಟೆ."

"ಇದನ್ನ ಪ್ರಕಾಶಕರಿಗೆ ಹೇಳಲಿಲ್ವಾ?"

"ಹೇಳಿದೆ. ಮನೆಯವರು ಮನೆಯವರ ಪರ ಮಾತಾಡೋದು ಸಹಜ ಅಂದ್ರು."

ಪ್ರಕಾಶನದ ಕಚೇರಿ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲುಗಳ ಮೇಲೆಲ್ಲ ಮಾರಾಟ ನಿಲ್ಲಿಸಿ ವಾಪಸ್ ತರಿಸಿದ ಪುಸ್ತಕಗಳ ಕಟ್ಟುಗಳು. ಪ್ರಕಾಶಕ ಐವತ್ತರ ಆಸುಪಾಸಿನ ದಢೂತಿ ಮನುಷ್ಯ. ತಂದೆಯಿಂದ ಈ ಸಂಸ್ಥೆ ಅವನಿಗೆ ಬಂದಿತ್ತು. ಅವನ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು.

"ನನಗೇನು ಖುಷೀನಾ ಸ್ವಾಮಿ?" ಎಂದ. "ನಮ್ಮಪ್ಪ ಈ ಅಜ್ಜಿಯ ಪುಸ್ತಕಗಳಿಂದಲೇ ಅಂಗಡಿ ಕಟ್ಟಿದ್ದು. ಇವರ ನಾಟಕಗಳಿಗೆಲ್ಲ ನನ್ನನ್ನ ಕರೆದುಕೊಂಡು ಹೋಗಿ ಮುಂದಿನ ಸಾಲಲ್ಲೇ ಕೂರಿಸ್ತಿದ್ರು. ಆದರೆ ಒಂದು ಮಗುವಿನ ಕಣ್ಣು ಹೋಗ್ತಾ ಇದೆ. ಆ ತಾಯಿ ಮುಂದೆ ನಿಂತು ನಾನು ಏನು ಹೇಳಲಿ?"

ಸಂಪಾದಕ ಅವನಿಗಿಂತ ಸ್ವಲ್ಪ ಚಿಕ್ಕವನು. ಮೆದು ಮಾತಿನ, ಸಣಕಲು ಮೈಯ ಮನುಷ್ಯ. ಹೇಗಜ್ಜಿ ಅವನನ್ನು 'ಮರಿ' ಎಂದೇ ಕರೆಯುತ್ತಿದ್ದರು. ಕಚೇರಿಯವರಿಗೂ ಅದೇ ರೂಢಿಯಾಗಿತ್ತು. ಚಿಕ್ಕಂದಿನಲ್ಲಿ ತಾಯಿಯಿಲ್ಲದ ಅವನು ಸಂಜೆಯೆಲ್ಲ ಹೇಗಜ್ಜಿಯ ಮನೆಯಲ್ಲಿ, ರಂಗಮಂದಿರದಲ್ಲಿ ಕಳೆದು ಬೆಳೆದವನು. ಓದು ಮುಗಿದ ಮೇಲೆ ಈ ಕೆಲಸ ಕೊಡಿಸಿದ್ದೂ ಅವರೇ.

"ಅಜ್ಜಿ ಕೊಟ್ಟದ್ದನ್ನ ಒಂದಕ್ಷರ ಬದಲಿಸದೆ ಕಂಪ್ಯೂಟರಿಗೆ ಹಾಕಿದೆ," ಎಂದ ಅವನು. "ಓದುವಾಗ ನನಗೂ ತಪ್ಪು ಅಂತ ಹೊಳೀಲಿಲ್ಲ. ವಿಜ್ಞಾನದಲ್ಲಿ ಅವರು ತಪ್ಪೋದುಂಟೇ ಅನ್ನೋ ನಂಬಿಕೆ. ಪುಸ್ತಕ ಅಚ್ಚಾದ ಮೇಲೆ ಕೋಣೆ ಬದಲಾಯಿಸುವಾಗ ಆ ಅಧ್ಯಾಯದ ಹಾಳೆಗಳು ಎಲ್ಲೋ ಸೇರಿಹೋದವು. ಇದ್ದಿದ್ರೆ ತೋರಿಸಬಹುದಿತ್ತು." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಅಜ್ಜಿಗೆ ಮರೆವು ಬಂದಿದೆ ಅಂತ ಹೇಳೋಕೆ ನನ್ನ ನಾಲಿಗೆ ಏಳಲ್ಲ. ಆದರೆ ಬೇರೆ ಏನು ಹೇಳಲಿ?"

ಕೊನೆಗೆ ಚಿತ್ರಗಾರ್ತಿಯನ್ನು ಕಂಡೆವು. ಮೊಣಕೈವರೆಗೆ ಬಣ್ಣ ಮೆತ್ತಿಕೊಂಡಿದ್ದ ಆ ಹುಡುಗಿ ನಮ್ಮನ್ನು ಕಂಡ ಕೂಡಲೇ ಅಳಲು ಶುರು ಮಾಡಿದಳು. "ಬಿರಡೆಯ ಚಿತ್ರ ಬರೆದವಳು ನಾನು. ಓದಿದ್ದನ್ನೇ ಬರೆದೆ. ಒಂದು ಕ್ಷಣ ಯೋಚಿಸಬೇಕಿತ್ತು."

ಭಾವ ಅವಳಿಗೆ ನೀರು ಕೊಡಿಸಿದರು. "ಸಾಮಾನ್ಯವಾಗಿ ಹೇಗೆ ಬರೀತೀಯಮ್ಮ? ಬರೀ ಓದಿಯಾ?"

"ಇಲ್ಲ ಸರ್. ಅಜ್ಜಿ ಹಾಳೆಯ ಅಂಚಿನಲ್ಲಿ ಪುಟ್ಟದಾಗಿ ಗೀಚಿರ್ತಾರೆ, ಯಾವ ವಸ್ತು ಎಲ್ಲಿ ಇರಬೇಕು ಅಂತ. ಅದರ ಫೋಟೋ ತೆಗೆದು ಮರಿ ಸರ್ ನನಗೆ ಕೊಡ್ತಾರೆ. ಎಲ್ಲ ಅಧ್ಯಾಯಕ್ಕೂ ಕೊಟ್ಟಿದ್ರು. ಇದೊಂದಕ್ಕೆ ಬಂದಿರಲಿಲ್ಲ. ಅಜ್ಜಿ ಸುಸ್ತಾಗಿ ಬಿಟ್ಟಿರಬೇಕು ಅಂದುಕೊಂಡೆ. ಅದಕ್ಕೇ ಅಕ್ಷರದಲ್ಲಿ ಇದ್ದ ಹಾಗೆ ಬರೆದೆ."

ಮನೆಗೆ ಬಂದು ನಾನು ಚಹಾಕ್ಕೆ ನೀರಿಡುವಷ್ಟರಲ್ಲಿ ಭಾವ ಪುಸ್ತಕ ತಂದು ನನ್ನ ಕೈಗಿತ್ತರು. "ಓದು. ಗಟ್ಟಿಯಾಗಿ. ವಾರ್ತೆ ಓದ್ತಿದ್ದೆಯಲ್ಲ, ಹಾಗೆ."

ಹವಾಮಾನ ವರದಿಗೂ ಗಾಂಭೀರ್ಯ ತುಂಬಿದ ಗಂಟಲು ನನ್ನದು. ಕುಳಿತು ಓದಿದೆ: "'ಗುಳ್ಳೆಗಳ ಆಟ ನೋಡಬೇಕೆ? ಶೀಶೆಯೊಳಗೆ ಸೋಡ ಹಾಕಿ. ಹುಳಿಯ ನೀರು ಸುರಿದುಬಿಡಿ. ಕುಲುಕಿ ಕುಲುಕಿ ಕಲಕಿಬಿಡಿ. ಬಿರಡೆ ಒತ್ತಿ ಮುಚ್ಚಿಬಿಡಿ. ಎಲ್ಲರಿಗೂ ಕಾಣುವಂತೆ ಶೀಶೆಯನ್ನು ಎತ್ತಿ ಹಿಡಿಯಿರಿ. ಸ್ವಲ್ಪ ಬಲಕ್ಕೆ ಸರಿದು ನಿಲ್ಲಿರಿ.'"

"ಇನ್ನೊಂದು ಸಲ."

ಮತ್ತೆ ಓದಿದೆ. ಎರಡನೇ ವಾಕ್ಯದಿಂದ ನನ್ನ ದನಿ ನನ್ನ ಮಾತು ಕೇಳದೆ ಏರಿಳಿಯತೊಡಗಿತು. ಕಾಲು ತಾನಾಗಿ ನೆಲ ಕುಟ್ಟುತ್ತಿತ್ತು. ಎಷ್ಟು ಬಿಗಿಹಿಡಿದರೂ ವಾರ್ತೆಯಾಗಲಿಲ್ಲ.

"ಒಂದು ಪ್ರಶ್ನೆ," ಎಂದರು ಭಾವ. "ಅಡುಗೆಮನೆಯಲ್ಲಿ ಒಬ್ಬನೇ ನಿಂತು ಪ್ರಯೋಗ ಮಾಡೋ ಮಗು ಶೀಶೆ ಎತ್ತಿ ಹಿಡಿಯೋದು ಯಾರಿಗೆ ತೋರಿಸೋಕೆ? ಬಲಕ್ಕೆ ಯಾಕೆ ಸರೀಬೇಕು?"

ನಾನು ಚಹಾ ಬಗ್ಗಿಸಿ ಕೊಟ್ಟೆ. ಅವರು ಚಹಾ ಹೀರುತ್ತ ಹೇಳಿದರು: "ಹೇಗಜ್ಜಿ ಎರಡು ಮಾತು ಹೇಳಿದ್ರು. ನಾನು ಹಾಗೆ ಬರೆಯೋಳಲ್ಲ ಅಂತ ಒಂದು. ಅದು ನನ್ನದೇ ಮಾತು ಅನ್ನಿಸ್ತು ಅಂತ ಇನ್ನೊಂದು. ಎಲ್ಲರೂ ಇದರಲ್ಲಿ ಒಂದು ನಿಜ, ಒಂದು ಸುಳ್ಳು ಅಂದುಕೊಂಡಿದ್ದಾರೆ. ಎರಡೂ ನಿಜ ಆಗಿದ್ರೆ?"

ಮರುದಿನ ಎಲ್ಲರೂ ಪ್ರಕಾಶನದ ಕಚೇರಿಯಲ್ಲಿ ಸೇರಬೇಕೆಂದು ಭಾವ ಹೇಳಿಕಳಿಸಿದರು. ಕಿಟಕಿಯ ಪಕ್ಕ ಹೇಗಜ್ಜಿ, ಅವರ ಹಿಂದೆ ಸೊಸೆ, ಮೇಜಿನ ಆಚೆ ಪ್ರಕಾಶಕ, ಗೋಡೆಗೊರಗಿ ಮರಿ, ಬಾಗಿಲ ಬಳಿ ಚಿತ್ರಗಾರ್ತಿ. ಪತ್ರಿಕೆಗೆ ಹೋಗಬೇಕಾದ ಪ್ರಕಟಣೆ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು.

"ಸಹಿ ಹಾಕೋ ಮುಂಚೆ ನಮ್ಮ ಭಾವಮೈದುನ ಒಂದು ಹಾಡು ಹೇಳ್ತಾನೆ," ಎಂದರು ಭಾವ.

ಪ್ರಕಾಶಕ ಹುಬ್ಬೇರಿಸಿದ. ಯಾವ ಸಾಲಿಗೆ ನಿಲ್ಲಿಸಬೇಕು ಎಂದು ಭಾವ ಮೊದಲೇ ಹೇಳಿಕೊಟ್ಟಿದ್ದರು. ನಾನು ಎದ್ದು ನಿಂತು, ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಎದೆ ಸೆಟೆಸಿ ಶುರು ಮಾಡಿದೆ:

"ಶೀಶೆಯೊಳಗೆ ಸೋಡ ಹಾಕಿ,
ಹುಳಿಯ ನೀರು ಸುರಿದುಬಿಡಿ,
ಕುಲುಕಿ ಕುಲುಕಿ ಕಲಕಿಬಿಡಿ,
ಬಿರಡೆ ಒತ್ತಿ..."

ಅಲ್ಲಿಗೆ ನಿಲ್ಲಿಸಿದೆ.

"ಮುಚ್ಚಬೇಡಿ!" ಎಂದು ಕೂಗಿದ ಪ್ರಕಾಶಕ. ಕೂಗಿದವನೇ ಬೆಚ್ಚಿಬಿದ್ದು ಬಾಯಿಗೆ ಕೈ ಅಡ್ಡ ಹಿಡಿದ. ಅದು ಐವತ್ತು ವರ್ಷದ ಗಂಡಸಿನ ದನಿಯಾಗಿರಲಿಲ್ಲ.

ಆದರೆ ಭಾವ ಅವನನ್ನು ನೋಡುತ್ತಿರಲಿಲ್ಲ. ಗೋಡೆಗೊರಗಿದ್ದ ಮರಿಯ ತುಟಿಗಳನ್ನು ನೋಡುತ್ತಿದ್ದರು. ದನಿ ಹೊರಡದಿದ್ದರೂ ಆ ತುಟಿಗಳು ಏನು ಹೇಳಿದವೆಂದು ನನಗೂ ಕಂಡಿತು. 'ಮುಚ್ಚಿಬಿಡಿ.'

"ಅವಸರದ ರಾಜ," ಎಂದರು ಹೇಗಜ್ಜಿ, ಉಸಿರೇ ಇಲ್ಲದವರಂತೆ. "ಅದು ನನ್ನ ರಾಜನ ಹಾಡು."

"ಹೌದು ಅಮ್ಮ. ಆ ಸಾಲು ನಿಮ್ಮದೇ. ಆದರೆ ಪುಸ್ತಕಕ್ಕೆ ಬರೆದದ್ದಲ್ಲ, ನಾಟಕಕ್ಕೆ ಬರೆದದ್ದು. ತಪ್ಪು ಹೇಳಲೆಂದೇ ಹುಟ್ಟಿದ ಒಬ್ಬ ರಾಜನ ಬಾಯಿಗೆ. ಅದಕ್ಕೇ ಅದು ನಿಮ್ಮ ಕಿವಿಯಲ್ಲಿ ನಿಮ್ಮದೇ ದನಿಯಾಗಿ ಕೇಳಿಸ್ತು. ನಿಮ್ಮ ತಲೆ ನೆಟ್ಟಗೇ ಇದೆ."

ಹೇಗಜ್ಜಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಸೊಸೆ ಅವರ ಭುಜದ ಮೇಲೆ ಕೈ ಇಟ್ಟಳು.

ಭಾವ ನಿಧಾನವಾಗಿ ಒಂದೊಂದೇ ಎಳೆ ಬಿಡಿಸಿದರು. "ಬಿರಡೆಯ ಚಿತ್ರ ನೋಡಿದಾಗಲೇ ಇದು ಮುದ್ರಣದ ತಪ್ಪಲ್ಲ ಅಂತ ಗೊತ್ತಾಯ್ತು. ಚಿತ್ರ ಬರೆಯೋ ಮುಂಚೆಯೇ ಮಾತು ಬದಲಾಗಿತ್ತು. ಹಾಳೆಯ ಅಂಚಿನಲ್ಲಿ ಬಲೂನಿನ ಚಿತ್ರ ಇತ್ತು ಅಂತ ಸೊಸೆ ಹೇಳಿದ್ರು. ಅಂಥ ಚಿತ್ರವೇ ತನಗೆ ಬರಲಿಲ್ಲ ಅಂತ ಈ ಹುಡುಗಿ ಹೇಳಿದಳು. ಅಂದ್ರೆ ಫೋಟೋ ತೆಗೆಯೋ ಹೊತ್ತಿಗೇ ಅಜ್ಜಿಯ ಹಾಳೆಗಳು ಇರಲಿಲ್ಲ. ಕೋಣೆ ಬದಲಾಯಿಸಿದಾಗ ಕಳೆದದ್ದಲ್ಲ, ಅದಕ್ಕೂ ಮುಂಚೆಯೇ ಇಲ್ಲವಾಗಿದ್ದವು. ನಡುವೆ ಅವು ಹಾದುಬಂದದ್ದು ಇಬ್ಬರ ಕೈಯಲ್ಲಿ: ಸೊಸೆ ಮತ್ತು ಸಂಪಾದಕರು."

"ನಾನು ಪೂರ್ತಿ ಕೊಟ್ಟಿದ್ದೆ," ಎಂದಳು ಸೊಸೆ.

"ಕೊಟ್ಟಿದ್ರಿ. ಯಾಕೆಂದ್ರೆ ಆ ಹಾಡು ನಿಮಗೆ ಗೊತ್ತಿರೋ ದಾರಿಯೇ ಇಲ್ಲ. ನಾಟಕ ಅಚ್ಚಾಗಿಲ್ಲ, ನೀವು ಈ ಊರಿಗೆ ಬರೋ ಹೊತ್ತಿಗೆ ರಂಗಮಂದಿರವೂ ಇರಲಿಲ್ಲ. ಬರೆದವರು ಆ ನಾಟಕವನ್ನ ಬಲ್ಲವರೇ ಆಗಬೇಕು. ಪ್ರಕಾಶಕರೂ ಬಲ್ಲವರು. ಆದರೆ ಅವರು ಕೆಳಗೆ ಕೂತು ನೋಡಿದವರು. ಈಗ ನೀವೇ ಕೇಳಿದ್ರಲ್ಲ, ಅವರ ಮನಸ್ಸಿನಲ್ಲಿ ಉಳಿದದ್ದು ಮಕ್ಕಳ ಕೂಗು. ಅವರು ಮರೆತು ಬರೆದಿದ್ರೂ 'ಮುಚ್ಚಬೇಡಿ' ಅಂತಲೇ ಬರೀತಿದ್ರು. 'ಮುಚ್ಚಿಬಿಡಿ' ಅನ್ನೋದು ಯಾರ ಬಾಯಲ್ಲಿ ಉಳಿದಿರುತ್ತೆ? ಮೇಲೆ ನಿಂತು ಅದನ್ನ ಹಾಡಿದವನ ಬಾಯಲ್ಲಿ. ಶೀಶೆ ಎತ್ತಿ ಹಿಡಿಯೋದು, ಬಲಕ್ಕೆ ಸರಿಯೋದು, ಇವು ಪ್ರಯೋಗದ ಸೂಚನೆಗಳಲ್ಲ. ನಟನಿಗೆ ನಿರ್ದೇಶಕರು ಹೇಳಿಕೊಟ್ಟ ನಡೆ. ಮಾತಿನ ಜೊತೆ ಅವೂ ನೆನಪಿನಿಂದ ಇಳಿದುಬಂದವು." ಅವರು ಗೋಡೆಯ ಕಡೆ ತಿರುಗಿದರು. "ಕಿರೀಟ ಹಾಕಿಕೊಂಡ ಹುಡುಗ ನೀವೇ ಅಲ್ವಾ?"

ಮರಿ ಗೋಡೆಗೊರಗಿದ್ದಂತೆಯೇ ಜಾರಿ ನೆಲದ ಮೇಲೆ ಕುಳಿತುಬಿಟ್ಟ.

"ನೀರಿನ ಕೊಳವೆ ಸೋರಿತ್ತು," ಎಂದ. "ಹಾಳೆಗಳನ್ನ ತಿದ್ದೋಕೆ ಅಂತ ಮನೆಗೆ ಒಯ್ದಿದ್ದೆ. ಬೆಳಿಗ್ಗೆ ನೋಡಿದ್ರೆ ಬರೀ ನೀಲಿ ನೀರು. ಅಜ್ಜಿಗೆ ಹೇಗೆ ಹೇಳಲಿ? ಅವರಿಗೆ ಕಣ್ಣು ಮಂಜು. ಒಂದು ಪುಟ ಬರೆಯೋಕೆ ಎಷ್ಟು ಕಷ್ಟಪಡ್ತಾರೆ ಅಂತ ನೋಡಿದ್ದೀನಿ. ಶೀಶೆ, ಸೋಡಾ, ವಿನೆಗರ್ ಅಂತ ನೆನಪಿತ್ತು. ಉಳಿದದ್ದು ಬರೀತಾ ಬರೀತಾ ತಾನಾಗೇ ಬಂತು. ಎಷ್ಟು ಸಲೀಸಾಗಿ ಬಂತು ಅಂದ್ರೆ, ಅಜ್ಜಿಯ ಮಾತು ನನಗೆ ಅಷ್ಟು ಚೆನ್ನಾಗಿ ಬಾಯಿಪಾಠ ಆಗಿದೆ ಅಂತ ಹೆಮ್ಮೆಪಟ್ಟೆ. ಅದು ರಾಜನ ಮಾತು ಅಂತ ಹೊಳೀಲೇ ಇಲ್ಲ. ವೇದಿಕೆ ಮೇಲಿನ ಶೀಶೆ ರಟ್ಟಿನದು. ಅದು ಯಾವತ್ತೂ ಒಡೀಲಿಲ್ಲ."

"ಮತ್ತೆ ಆ ಮಗುವಿಗೆ ಪೆಟ್ಟಾದ ಮೇಲೆ?" ಪ್ರಕಾಶಕ ಎದ್ದು ನಿಂತಿದ್ದ. "ಆಗ ಹೊಳೀತಲ್ಲ?"

"ಹೊಳೀತು. ಹೆದರಿದೆ."

ಹೇಗಜ್ಜಿ ಎದ್ದು ಅವನ ಮುಂದೆ ಹೋಗಿ ನಿಂತರು. ಅವನು ತಲೆಯೆತ್ತಲಿಲ್ಲ.

"ಹಾಳೆ ನೆನೆದದ್ದಕ್ಕೆ ಬೈತಿದ್ದೆ," ಎಂದರು. "ಬೈದು ಇನ್ನೊಂದು ಸಲ ಬರೆದುಕೊಡ್ತಿದ್ದೆ. ತಪ್ಪು ಬರೆದದ್ದಕ್ಕೂ ನಿನ್ನ ಜೊತೆ ನಿಂತು ತಲೆ ತಗ್ಗಿಸ್ತಿದ್ದೆ ಕಣೋ. ಆದರೆ ನೀನು ಮನೆಗೆ ಬಂದು, ನನ್ನ ಕೈ ಹಿಡಿದುಕೊಂಡು, ನಿಮಗೆ ಮರೆವು ಬಂದಿದೆ ಅಜ್ಜಿ, ಪರವಾಗಿಲ್ಲ ಅಂದೆ. ಅವತ್ತಿನಿಂದ ನನ್ನ ಹೆಸರು ನನಗೆ ನೆನಪಿದೆಯಾ ಅಂತ ಬೆಳಿಗ್ಗೆ ಎದ್ದ ಕೂಡಲೇ ಪರೀಕ್ಷೆ ಮಾಡ್ಕೋತಾ ಇದ್ದೀನಿ. ಒಲೆ ಆರಿಸಿದೆನಾ ಅಂತ ಸೊಸೇನ ಹತ್ತು ಸಲ ಕೇಳ್ತೀನಿ. ಇದನ್ನ ಹೇಗೆ ಮಾಡಿದೆ ನೀನು?"

ಕ್ಷಮಿಸಿ ಎಂದು ಅವನು ಕೇಳಲಿಲ್ಲ. ಆ ಒಂದು ವಿಷಯಕ್ಕೆ ನಾನು ಅವನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಪ್ರಕಾಶಕ ಮೇಜಿನ ಮೇಲಿದ್ದ ಪ್ರಕಟಣೆಯನ್ನು ಹರಿದು ಬೇರೆಯದು ಬರೆದ. ತಪ್ಪು ಸಂಸ್ಥೆಯದು, ಲೇಖಕಿಯದಲ್ಲ, ಮಗುವಿನ ಚಿಕಿತ್ಸೆಯ ಹೊಣೆ ನಮ್ಮದು ಎಂದು. ಮರಿ ಅಲ್ಲೇ ಕೆಲಸಕ್ಕೆ ರಾಜೀನಾಮೆ ಕೊಟ್ಟ. ತಾನೇ ಪೊಲೀಸ್ ಠಾಣೆಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆಂದ. ಭಾವ ಜೊತೆಗೆ ಹೋದರು.

ಮೆಟ್ಟಿಲಿಳಿಯುವಾಗ ಹೇಗಜ್ಜಿ ನನ್ನ ಕೈ ಆಸರೆ ತೆಗೆದುಕೊಂಡರು. "ಕೆಳಗೆ ಕೂತ ಮಕ್ಕಳೆಲ್ಲ ಸರಿಯಾದ್ದನ್ನ ಕಲಿತು ಮನೆಗೆ ಹೋದ್ರು," ಎಂದರು ತಮಗೆ ತಾವೇ ಎಂಬಂತೆ. "ಮೇಲೆ ನಿಂತ ಒಬ್ಬ ಹುಡುಗನಿಗೆ ಮಾತ್ರ ದಿನಾ ತಪ್ಪನ್ನೇ ಬಾಯಿಪಾಠ ಮಾಡಿಸಿದೆ. ಅವನನ್ನ ಕೂರಿಸಿಕೊಂಡು ಸರಿ ಯಾವುದು ಅಂತ ಯಾವತ್ತೂ ಹೇಳಲಿಲ್ಲ. ಗೊತ್ತಿರುತ್ತೆ ಅಂದುಕೊಂಡೆ."

ಕೆಲವು ದಿನಗಳ ನಂತರ ಆಸ್ಪತ್ರೆಯಿಂದ ಸುದ್ದಿ ಬಂತು. ಹುಡುಗಿಯ ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ. ದೃಷ್ಟಿ ಉಳಿದಿದೆ, ಪೂರ್ತಿಯಲ್ಲದಿದ್ದರೂ ಓದುವಷ್ಟು ಇದೆ. ಹೇಗಜ್ಜಿ ಅವಳನ್ನು ನೋಡಬೇಕೆಂದರು. ನನ್ನನ್ನೂ ಭಾವನನ್ನೂ ಜೊತೆಗೆ ಕರೆದರು. ಆಸ್ಪತ್ರೆಯ ಬಾಗಿಲಲ್ಲಿ ಮರಿ ನಿಂತಿದ್ದ. ಹೇಗಜ್ಜಿಯೇ ಬರಹೇಳಿದ್ದರಂತೆ. ಅವನ ಜೊತೆ ಅವರು ಮಾತಾಡಲಿಲ್ಲ. ಬಾ ಎಂಬಂತೆ ತಲೆಯಾಡಿಸಿ ಮುಂದೆ ನಡೆದರು.

ಹುಡುಗಿಯ ತಾಯಿ ಕೋಣೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಪ್ರಕಟಣೆ ಓದಿದ್ದಳು, ವಿಷಯವೆಲ್ಲ ಗೊತ್ತಿತ್ತು. ನಮ್ಮನ್ನು ಒಳಗೆ ಬಿಟ್ಟು ಮರಿಯ ಕಡೆ ನೋಡದೆಯೇ ಹೇಳಿದಳು: "ನೀವು ಹೊರಗೇ ಇರಿ."

ಅವನು ಹೊರಗೇ ನಿಂತ.

ಹುಡುಗಿ ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಹುಬ್ಬಿನಿಂದ ಕೆನ್ನೆಯವರೆಗೆ ಎಳೆಯ ಕೆಂಪು ಗಾಯ. ಹೇಗಜ್ಜಿ ಏನೋ ಹೇಳಬೇಕೆಂದು ಸಿದ್ಧಮಾಡಿಕೊಂಡು ಬಂದಿದ್ದರು. ಅಷ್ಟರಲ್ಲಿ ಹುಡುಗಿಯೇ ಶುರು ಮಾಡಿದಳು.

"ಅಜ್ಜಿ, ಶೀಶೆ ಯಾಕೆ ಒಡೀತು? ಒಳಗಡೆ ಬರೀ ನೊರೆ ಇತ್ತು. ನೊರೆ ಮೆತ್ತಗಿರುತ್ತಲ್ವಾ? ಇಲ್ಲಿ ಎಲ್ಲರನ್ನೂ ಕೇಳಿದೆ. ಮಲಕ್ಕೋ ಅಂತಾರೆ ಅಷ್ಟೆ."

ಹೇಗಜ್ಜಿ ಮಂಚದ ಅಂಚಿನಲ್ಲಿ ಕುಳಿತರು. ಚೀಲದಿಂದ ಬಲೂನೊಂದನ್ನು ತೆಗೆಯುತ್ತಿದ್ದಂತೆ ಹುಡುಗಿ ಬಾಗಿಲ ಸಂದಿಯತ್ತ ಕತ್ತು ಉದ್ದ ಮಾಡಿದಳು.

"ಅಲ್ಲಿ ನಿಂತಿರೋದು ಯಾರು?"

ತಾಯಿ ಏನೋ ಹೇಳಲು ಬಾಯಿ ತೆರೆದಳು. ಹೇಗಜ್ಜಿ ಮಗುವಿನ ಮುಖವನ್ನೇ ನೋಡುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಆ ತಪ್ಪು ಸಾಲು ಬರೆದವರು ಅವರೇ ಕಂದ."

ಹುಡುಗಿ ಮತ್ತೊಮ್ಮೆ ಬಾಗಿಲ ಕಡೆ ನೋಡಿದಳು.

"ಹಾಗಾದ್ರೆ ಅವರಿಗೂ ಗೊತ್ತಿಲ್ಲ, ಯಾಕೆ ಒಡೀತು ಅಂತ," ಎಂದಳು. "ಒಳಗೆ ಕರೀರಿ. ಅವರೂ ಕೇಳಿಸ್ಕೊಳ್ಳಲಿ."

ತಾಯಿ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕೊನೆಗೆ ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.